ನಾನು ಎದ್ದು ಹೋದರೆ ಸರಿಯಾಗುತ್ತಿತ್ತು

ನಾನು ರೂಮಿನಲ್ಲಿ ಇಲ್ಲದಾಗ ಎಲ್ಲವೂ ಚೆನ್ನಾಗಿ ನಡೆಯುತ್ತಿತ್ತು. ತಲೆನೋವು ಅದೇ.

ನಾಲ್ಕು ಆಂಟೆನಾದಿಂದ ಕಳಿಸಿ ನಾಲ್ಕು ಆಂಟೆನಾದಲ್ಲಿ ಹಿಡಿಯುವ ಒಂದು ರೇಡಿಯೋ ಜೋಡಿಯನ್ನು ಲ್ಯಾಬಿನ ಎರಡು ಮೇಜಿನ ಮೇಲೆ ಇಟ್ಟುಕೊಂಡಿದ್ದೆವು. 2.4 ಗಿಗಾಹರ್ಟ್ಸ್, ನಡುವೆ ಐದಾರು ಮೀಟರ್ ದೂರ. ಅದರಲ್ಲಿ ಚಾನೆಲ್ ಎಸ್ಟಿಮೇಶನ್, ಅಂದರೆ ದಾರಿಯಲ್ಲಿ ಸಿಗ್ನಲ್ ಹೇಗೆ ಬದಲಾಯಿತು ಅಂತ ಅಂದಾಜು ಮಾಡುವ ಕೋಡ್ ನನ್ನದು. ರಾತ್ರಿ ಟೆಸ್ಟ್ ಹಚ್ಚಿ ಹೋದರೆ, ಬೆಳಿಗ್ಗೆ ಲಾಗ್‌ನಲ್ಲಿ ತಪ್ಪು ಬಿಟ್‌ಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಖುಷಿಯಾಗಿ ಕುರ್ಚಿ ಎಳೆದುಕೊಂಡು ಕೂತರೆ ಅದೇ ಕೋಡ್ ಕಣ್ಣೆದುರೇ ಒದ್ದಾಡಲು ಶುರು. ಸ್ಕ್ರೀನ್ ಮೇಲೆ ಬಂದ ಡೇಟಾದ ಹದಿನಾರು ಚುಕ್ಕೆಗಳ ಗುಂಪು ನೀಟಾಗಿ ಸಾಲಾಗಿ ನಿಲ್ಲಬೇಕು. ಅವು ನೀರಿಗೆ ಬಿದ್ದ ಶಾಯಿಯ ಹಾಗೆ ಹರಡಿಕೊಂಡು ಒಂದರೊಳಗೊಂದು ನುಗ್ಗುತ್ತಿದ್ದವು.

ಈ ಕೆಲಸ ಏನು ಅಂತ ಸ್ವಲ್ಪ ಹೇಳಬೇಕು. ಕಾರ್ಯಕ್ರಮ ಶುರುವಾಗೋ ಮುಂಚೆ ಒಬ್ಬರು ಬಂದು "ಹಲೋ ಹಲೋ, ಮೈಕ್ ಟೆಸ್ಟಿಂಗ್" ಅನ್ನುತ್ತಾರಲ್ಲ, ಪೈಲಟ್ ಅಂದರೆ ಹೆಚ್ಚುಕಡಿಮೆ ಅದೇ. ಏನು ಹೇಳುತ್ತಾರೆ ಅಂತ ಕೇಳುವವರಿಗೆ ಮೊದಲೇ ಗೊತ್ತು. ಹಾಗಾಗಿ ಕೇಳಿಸಿದ್ದರಲ್ಲಿ ಏನು ವ್ಯತ್ಯಾಸ ಇದೆಯೋ ಅದು ಸಭಾಂಗಣದ ಕೆಲಸ. ರೇಡಿಯೋದಲ್ಲೂ ಗೊತ್ತಿರುವ ಸಿಂಬಲ್, ಅಂದರೆ ಸಿಗ್ನಲ್‌ನ ಒಂದು ಸಣ್ಣ ತುಣುಕು, ಕಳಿಸುತ್ತೇವೆ. ಬಂದದ್ದನ್ನು ಕಳಿಸಿದ್ದರಿಂದ ಭಾಗಿಸಿದರೆ ಚಾನೆಲ್ ಸಿಕ್ಕಿತು. ಒಂದೇ ಆಂಟೆನಾ ಇದ್ದರೆ ಇಷ್ಟೇ.

ನಾಲ್ಕು ಆಂಟೆನಾ ಇದ್ದರೆ ನಾಲ್ಕು ಜನ ಒಟ್ಟಿಗೆ ಮೈಕ್ ಟೆಸ್ಟ್ ಮಾಡಿದ ಹಾಗೆ. ಒಬ್ಬೊಬ್ಬರಾಗಿ ಮಾತಾಡಿ ಅನ್ನಬಹುದು, ಆದರೆ ಆಗ ಉಳಿದ ಮೂವರು ಸುಮ್ನೆ ನಿಂತಿರಬೇಕು. ಬದಲಿಗೆ ನಾಲ್ಕೂ ಆಂಟೆನಾ ನಾಲ್ಕು ಸಿಂಬಲ್ ಕಾಲವೂ ಒಟ್ಟಿಗೇ ಕಳಿಸುತ್ತವೆ. ಪ್ರತಿಯೊಂದಕ್ಕೂ ಬೇರೆ ಬೇರೆ ಪ್ಲಸ್–ಮೈನಸ್ ಸಾಲು. ಯಾವ ಎರಡು ಸಾಲನ್ನು ಗುಣಿಸಿ ಕೂಡಿದರೂ ಸೊನ್ನೆ ಬರುವಂತೆ ಅವನ್ನು ಆರಿಸಿರುತ್ತಾರೆ. ಹಿಡಿಯುವ ಕಡೆ ಆಯಾ ಸಾಲಿನಿಂದ ಗುಣಿಸಿ ಕೂಡಿದರೆ ಒಂದೊಂದು ಆಂಟೆನಾ ಬೇರೆಯಾಗಿ ಬೀಳುತ್ತದೆ, ಜೊತೆಗೆ ನಾಲ್ಕು ಪಟ್ಟು ಶಕ್ತಿ ಲಾಭ. ಈ ಸಣ್ಣ ಉಪಾಯ ನನಗೆ ಇವತ್ತಿಗೂ ಇಷ್ಟ. ವೈ-ಫೈನಲ್ಲೂ 2009ರ 802.11ಎನ್‌ನಿಂದ ಇದೇ ಬಗೆಯ ಲೆಕ್ಕ ಇದೆ.

ಹೀಗೆ ಒಂದು ಸಬ್‌ಕ್ಯಾರಿಯರ್‌ಗೆ, ಅಂದರೆ ಬ್ಯಾಂಡನ್ನು ಸೀಳಿದಾಗ ಸಿಗುವ ಒಂದು ಸಣ್ಣ ಫ್ರೀಕ್ವೆನ್ಸಿ ಪಟ್ಟಿಗೆ, ನಾಲ್ಕು ನಾಲ್ಕಲಿ ಹದಿನಾರು ಸಂಖ್ಯೆ. ನಮ್ಮಲ್ಲಿ ಬಳಕೆಯಲ್ಲಿದ್ದದ್ದು 52 ಸಬ್‌ಕ್ಯಾರಿಯರ್. ಒಟ್ಟು 832 ಸಂಖ್ಯೆ, ಪ್ರತಿ ಮಿಲಿಸೆಕೆಂಡಿಗೆ ಹೊಸದಾಗಿ. ಈ ಸಂಖ್ಯೆಗಳ ಮ್ಯಾಟ್ರಿಕ್ಸ್ ತಿರುಗುಮುರುಗು ಮಾಡಿ, ಗಾಳಿಯಲ್ಲಿ ಕಲಸಿಹೋದ ನಾಲ್ಕು ಸಿಗ್ನಲ್‌ಗಳನ್ನು ಬಿಡಿಸಬೇಕು. ಎಸ್ಟಿಮೇಟ್ ಸ್ವಲ್ಪ ತಪ್ಪಿದರೂ ಒಂದರ ಮಾತು ಇನ್ನೊಂದರಲ್ಲಿ ಸೋರುತ್ತದೆ.

ನಮ್ಮ ಪವರ್ ಕಡಿಮೆ, ನಾಯ್ಸ್ ಜಾಸ್ತಿ. ಅದಕ್ಕೆ ನಾನೊಂದು ಬುದ್ಧಿವಂತಿಕೆ ಮಾಡಿದ್ದೆ. ಕೊನೆಯ 64 ಎಸ್ಟಿಮೇಟ್‌ಗಳ ಸರಾಸರಿ ತೆಗೆದಿದ್ದೆ. ನಾಯ್ಸ್ 64ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ, ಅಂದರೆ ಡೆಸಿಬೆಲ್ ಲೆಕ್ಕದಲ್ಲಿ 18 ಡಿಬಿ ಲಾಭ. ಸಿಮ್ಯುಲೇಶನ್‌ನಲ್ಲಿ ಗ್ರಾಫ್ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಪ್ರಿಂಟ್ ತೆಗೆದು ಮೇಜಿನ ಮೇಲೆ ಅಂಟಿಸಿದ್ದೆ.

ಆ ದಿನ ಬೆಳಿಗ್ಗೆಯಿಂದ ಸಂಶಯ ಪಟ್ಟಿದ್ದು ಒಂದೆರಡಲ್ಲ. ಮೊದಲು ಕ್ಲಾಕ್. ಎರಡೂ ರೇಡಿಯೋಗೆ ಒಂದೇ 10 ಮೆಗಾಹರ್ಟ್ಸ್ ಕ್ಲಾಕ್ ಕೇಬಲ್ ಹೋಗುತ್ತದೆ. ಅದು ಸಡಿಲವಾಗಿ ಹತ್ತು ಲಕ್ಷಕ್ಕೆ ಒಂದು ಭಾಗ ವ್ಯತ್ಯಾಸ ಬಂದರೂ ಸಾಕು, ಫೇಸ್, ಅಂದರೆ ತರಂಗ ತನ್ನ ಸುತ್ತಿನಲ್ಲಿ ಎಲ್ಲಿದೆ ಅನ್ನುವ ಬಾಣ, ಸೆಕೆಂಡಿಗೆ 2400 ಸುತ್ತು ತಿರುಗುತ್ತದೆ. ಆದರೆ ಹಾಗಾಗಿದ್ದರೆ ರಾತ್ರಿಯೂ ಕೆಡಬೇಕಿತ್ತಲ್ಲ? ಆದರೂ ಕೇಬಲ್ ಬದಲಾಯಿಸಿದೆ. ಆಮೇಲೆ ಆಂಟೆನಾಗಳನ್ನು ಅದಲುಬದಲು ಮಾಡಿದೆ. ಹಗಲು ಹೊತ್ತು ಸುತ್ತಮುತ್ತ ವೈ-ಫೈ ಜಾಸ್ತಿ ಇರುತ್ತದೆ, ಅದರ ಕಾಟವೇ ಇರಬೇಕು ಅಂತ ಸ್ಪೆಕ್ಟ್ರಮ್ ಅನಲೈಸರ್ ಹಿಡಿದು ಕೂತೆ. ನಮ್ಮ ಜಾಗದಲ್ಲಿ ಅಂಥದ್ದೇನೂ ಕಾಣಲಿಲ್ಲ. ಮಧ್ಯಾಹ್ನ ಪಕ್ಕದ ರೂಮಿನಿಂದ ರಿಮೋಟ್‌ನಲ್ಲಿ ಓಡಿಸಿ ನೋಡಿದೆ. ಒಂದೂ ತಪ್ಪಿಲ್ಲ. ಎದ್ದು ಬಂದು ನೋಡಿದರೆ ಮತ್ತೆ ಶಾಯಿ.

ಸಂಜೆ ಜೊತೆಯ ಗೆಳೆಯ ಬಂದ. ಐದು ನಿಮಿಷ ಸುಮ್ಮನೆ ನೋಡಿದ. ನಾನು ಯೋಚಿಸುವಾಗ ಕುರ್ಚಿಯಲ್ಲಿ ಆ ಕಡೆ ಈ ಕಡೆ ತಿರುಗುತ್ತೇನೆ, ಹಳೇ ಚಟ.

"ತಿರುಗೋದು ನಿಲ್ಸು," ಅಂದ.

"ಯಾಕೆ, ಸದ್ದಾಗ್ತಿದೆಯಾ?"

"ಸದ್ದಲ್ಲ. ನಿಲ್ಸು, ಸುಮ್ನೆ ಕೂತ್ಕೋ."

ನಿಲ್ಲಿಸಿದೆ. ಚುಕ್ಕೆಗಳು ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಇಬ್ಬರೂ ಸ್ಕ್ರೀನ್ ನೋಡುತ್ತಾ ಅಲ್ಲಾಡದೆ ಕೂತೆವು.

"ಈಗ ಎದ್ದು ಆ ಮೇಜಿನವರೆಗೆ ನಡಿ."

ನಡೆದೆ. ಹಿಂದಿನಿಂದ ಅವನ ನಗು ಕೇಳಿತು. "ಬಗ್ ಸಿಕ್ತು ಮಾರಾಯ. ಅಲ್ಲಿ ನಡೀತಾ ಇದೆ ನೋಡು."

ನಾಚಿಕೆಯಾಯಿತು, ಆದರೆ ಕೈ ಆಗಲೇ ಪೆನ್ನು ಹುಡುಕುತ್ತಿತ್ತು. 2.4 ಗಿಗಾಹರ್ಟ್ಸ್ ಅಂದರೆ ತರಂಗಾಂತರ 12.5 ಸೆಂಟಿಮೀಟರ್. ನಾನು ಸೆಕೆಂಡಿಗೆ 1.2 ಮೀಟರ್ ನಡೆಯುತ್ತೇನೆ ಅಂತಿಟ್ಟುಕೊಳ್ಳಿ. 64 ಮಿಲಿಸೆಕೆಂಡಿನಲ್ಲಿ ಏಳೂವರೆ ಸೆಂಟಿಮೀಟರ್‌ಗಿಂತ ತುಸು ಜಾಸ್ತಿ ಮುಂದೆ ಹೋಗಿರುತ್ತೇನೆ. ನನಗೆ ಬಡಿದು ವಾಪಸ್ ಬರುವ ಸಿಗ್ನಲ್‌ಗೆ ಹೋಗುವ ದಾರಿಯೂ ಉದ್ದವಾಯಿತು, ಬರುವ ದಾರಿಯೂ ಉದ್ದವಾಯಿತು. ಹಾಗಾಗಿ ವ್ಯತ್ಯಾಸ 15 ಸೆಂಟಿಮೀಟರ್ ತನಕ ಹೋಗಬಹುದು. ಅಂದರೆ ಒಂದು ಸರಾಸರಿ ಮುಗಿಯುವಷ್ಟರಲ್ಲಿ ಆ ದಾರಿಯ ಫೇಸ್ ಪೂರ್ತಿ ಒಂದು ಸುತ್ತು ಹಾಕಿ ಇನ್ನೂ ಮುಂದೆ ಹೋಗಿರುತ್ತದೆ. ಸುತ್ತು ಹಾಕುವ ಬಾಣವನ್ನು ಸುತ್ತಿನುದ್ದಕ್ಕೂ ಕೂಡಿದರೆ ಬರುವುದು ಹೆಚ್ಚುಕಡಿಮೆ ಸೊನ್ನೆ.

ಗೋಡೆ, ಮೇಜು, ಬೀರು ಎಲ್ಲವೂ ಎಸ್ಟಿಮೇಟ್‌ನಲ್ಲಿ ಸರಿಯಾಗಿ ಉಳಿದಿದ್ದವು. ನನ್ನನ್ನು ಮಾತ್ರ ಸರಾಸರಿ ನೀಟಾಗಿ ಒರೆಸಿಹಾಕಿತ್ತು. ಡೇಟಾ ಮಾತ್ರ ನನಗೂ ಬಡಿದೇ ಬರುತ್ತಿತ್ತು. ನಾಯ್ಸ್ ಅಂತ ತಿಳಿದು ನಾನು ತೆಗೆದದ್ದು ನನ್ನನ್ನೇ.

ಸಿಮ್ಯುಲೇಶನ್‌ನಲ್ಲಿ ಯಾಕೆ ಸಿಗಲಿಲ್ಲ ಅಂದರೆ, ಅಲ್ಲಿ ಚಾನೆಲ್ ಬರೆದವನೂ ನಾನೇ. ಶುರುವಿನಲ್ಲಿ ಒಮ್ಮೆ ರ‍್ಯಾಂಡಮ್ ಆಗಿ ಆರಿಸಿ ಕೊನೆತನಕ ಅದನ್ನೇ ಇಟ್ಟಿದ್ದೆ. ಪ್ರಶ್ನೆಪತ್ರಿಕೆ ತಯಾರಿಸಿದವನೇ ಪರೀಕ್ಷೆಗೆ ಕೂತ ಹಾಗೆ. ಬೆಲ್ ಲ್ಯಾಬ್ಸ್‌ನ ಜೆರಾರ್ಡ್ ಫಾಶಿನಿ 1996ರಲ್ಲಿ ಹಲವು ಆಂಟೆನಾಗಳ ಲಾಭ ತೋರಿಸಿದ ಪ್ರಸಿದ್ಧ ಪೇಪರ್‌ನಲ್ಲೂ ಒಂದು ಬರ್ಸ್ಟ್ (ಒಂದೇ ಸಲಕ್ಕೆ ಕಳಿಸುವ ತುಂಡು) ಮುಗಿಯುವವರೆಗೆ ಚಾನೆಲ್ ಬದಲಾಗುವುದಿಲ್ಲ ಅಂತಲೇ ಇಟ್ಟುಕೊಂಡಿದ್ದಾರೆ. ಅಲ್ಲಿ ತಪ್ಪೇನಿಲ್ಲ. ಬರ್ಸ್ಟ್ ಚಿಕ್ಕದಾಗಿದ್ದರೆ ಮಾತು ನಿಜವೇ. ನಮ್ಮ ನಾಲ್ಕು ಪೈಲಟ್ ಸಿಂಬಲ್‌ಗೆ ಒಟ್ಟು 16 ಮೈಕ್ರೋಸೆಕೆಂಡ್, ಅಷ್ಟರಲ್ಲಿ ನಾನು ಕೂದಲೆಳೆಯಷ್ಟೂ ಸರಿಯುವುದಿಲ್ಲ. ಅದನ್ನು ಎಳೆದು 64 ಮಿಲಿಸೆಕೆಂಡ್ ಮಾಡಿದ್ದು ನನ್ನ ದುರಾಸೆ.

ಸರಾಸರಿ ಬಿಟ್ಟರೆ ನಾಯ್ಸ್ ವಾಪಸ್ ಬರುತ್ತದೆ. ಹಾಗಾದರೆ ಎಲ್ಲಿ ಉಳಿಸೋದು? ಗೆಳೆಯ ಬೋರ್ಡ್ ಮೇಲೆ ಗೆರೆ ಎಳೆದ. ಕಾಲದ ಉದ್ದಕ್ಕೂ ಯಾಕೆ ಕೂಡುತ್ತೀಯ, ಫ್ರೀಕ್ವೆನ್ಸಿಯ ಉದ್ದಕ್ಕೂ ನೋಡು ಅಂದ. 52 ಸಬ್‌ಕ್ಯಾರಿಯರ್‌ಗಳ ಚಾನೆಲ್ 52 ಬೇರೆ ಬೇರೆ ವಿಷಯ ಅಲ್ಲ, ಅಲ್ವಾ? ಒಂದೇ ರೂಮಿನ ಕೆಲವೇ ಪ್ರತಿಧ್ವನಿಗಳಿಂದ ಎಲ್ಲವೂ ಹುಟ್ಟಿದ್ದು. 20 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಒಂದು ಸ್ಯಾಂಪಲ್ ಅಂದರೆ 50 ನ್ಯಾನೋಸೆಕೆಂಡ್, ಅಷ್ಟರಲ್ಲಿ ಸಿಗ್ನಲ್ 15 ಮೀಟರ್ ಹೋಗುತ್ತದೆ. ನಮ್ಮ ಲ್ಯಾಬ್‌ಗೆ ಎಂಟು ಸ್ಯಾಂಪಲ್ ಬೇಕಾದಷ್ಟಾಯಿತು. 52 ಅಳತೆಗಳಿಂದ ಬರೀ ಎಂಟು ಸಂಖ್ಯೆ ಕಂಡುಹಿಡಿದರೆ ಸುಮಾರು 8 ಡಿಬಿ ನಾಯ್ಸ್ ಕಡಿಮೆ. ಅದೂ ಒಂದು ಮಿಲಿಸೆಕೆಂಡ್ ಕೂಡ ಕಾಯದೆ.

ಅವತ್ತೇ ರಾತ್ರಿ ಬರೆಯಲು ಕೂತೆ. ಮೊದಲು ಸುಲಭದ ದಾರಿ ಹಿಡಿದೆ. ಎಫ್‌ಎಫ್‌ಟಿ (ಕಾಲದ ಸಿಗ್ನಲನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಲೆಕ್ಕ) ತಿರುಗಿಸಿ, ಎಂಟು ಸ್ಯಾಂಪಲ್ ಇಟ್ಟುಕೊಂಡು, ಉಳಿದದ್ದಕ್ಕೆ ಸೊನ್ನೆ ಹಾಕಿ ವಾಪಸ್. ನಡುವಿನ ಸಬ್‌ಕ್ಯಾರಿಯರ್‌ಗಳು ಚೆನ್ನಾಗಿ ಬಂದವು, ಅಂಚಿನವು ಮಾತ್ರ ಬಾಲ ಅಲ್ಲಾಡಿಸಿದವು. ಒಟ್ಟು 64 ಸಬ್‌ಕ್ಯಾರಿಯರ್‌ಗಳಲ್ಲಿ 12 ಖಾಲಿ ಬಿಟ್ಟಿರುತ್ತೇವೆ, ಅವುಗಳಲ್ಲಿ 11 ಎರಡೂ ಅಂಚಿನಲ್ಲಿ. ಅಲ್ಲಿ ಸೊನ್ನೆ ಇದೆ ಅಂತ ಎಫ್‌ಎಫ್‌ಟಿ ನಂಬಿಬಿಡುತ್ತದೆ. ಕೊನೆಗೆ ಖಾಲಿ ಜಾಗ ಬಿಟ್ಟು, ಇರುವ 52ಕ್ಕೆ ಮಾತ್ರ ಲೀಸ್ಟ್ ಸ್ಕ್ವೇರ್ಸ್‌ನಲ್ಲಿ, ಅಂದರೆ ತಪ್ಪುಗಳ ವರ್ಗಗಳ ಮೊತ್ತ ಅತಿ ಕಡಿಮೆ ಆಗುವಂತೆ, ಎಂಟು ಸಂಖ್ಯೆ ಹೊಂದಿಸಿದೆ. ಮ್ಯಾಟ್ರಿಕ್ಸ್ ಬದಲಾಗುವುದಿಲ್ಲ, ಒಮ್ಮೆ ಲೆಕ್ಕ ಹಾಕಿ ಇಟ್ಟುಕೊಂಡರೆ ಮುಗಿಯಿತು.

ಕಾಲದ ಸರಾಸರಿಯನ್ನು ಪೂರ್ತಿ ಬಿಡಲು ಮನಸ್ಸು ಬರಲಿಲ್ಲ. ನಾಲ್ಕಕ್ಕೆ ಇಳಿಸಿದೆ. ನಾಲ್ಕು ಮಿಲಿಸೆಕೆಂಡಿನಲ್ಲಿ ನಾನು ನಡೆಯುವುದು ಅರ್ಧ ಸೆಂಟಿಮೀಟರ್, ದಾರಿಯ ವ್ಯತ್ಯಾಸ ಒಂದು ಸೆಂಟಿಮೀಟರ್, ಸುತ್ತಿನ ಹನ್ನೆರಡನೇ ಒಂದು ಭಾಗವೂ ಇಲ್ಲ. ಅದರಿಂದ 6 ಡಿಬಿ, ಒಟ್ಟು 14. ಹಳೇ 18ಕ್ಕಿಂತ ನಾಲ್ಕು ಕಡಿಮೆ. ಖಾಲಿ ರೂಮಿನಲ್ಲಿ ಹಳೇ ಕೋಡೇ ಈಗಲೂ ಗೆಲ್ಲುತ್ತದೆ. ಮೇಜಿನ ಮೇಲಿನ ಆ ಗ್ರಾಫ್ ತೆಗೆದಿಲ್ಲ, ಪಕ್ಕದಲ್ಲಿ ಪೆನ್ಸಿಲ್‌ನಿಂದ "ಯಾರೂ ಇಲ್ಲದಾಗ" ಅಂತ ಬರೆದಿದ್ದೇನೆ.

ಈಗ ಪ್ರತಿ ಟೆಸ್ಟ್‌ನಲ್ಲೂ ಒಬ್ಬರು ಎರಡು ಮೇಜಿನ ನಡುವೆ ಓಡಾಡಬೇಕು ಅಂತ ಪಟ್ಟಿಯಲ್ಲಿ ಸೇರಿಸಿದ್ದೇವೆ. ಮೊದಲ ಸಲ ಗೆಳೆಯನನ್ನೇ ನಡೆಸಿದೆ. ನಾನು ಕುರ್ಚಿಯಲ್ಲಿ ಮನಸಾರೆ ತಿರುಗುತ್ತಾ ಸ್ಕ್ರೀನ್ ನೋಡಿದೆ. ಚುಕ್ಕೆಗಳು ಸ್ವಲ್ಪ ದಪ್ಪಗಾದವು, ಜಾಗ ಬಿಟ್ಟು ಕದಲಲಿಲ್ಲ.

"ಸಾಕಾ?" ಅಂತ ಆ ತುದಿಯಿಂದ ಕೇಳಿದ.

"ಇನ್ನೊಂದು ಹತ್ತು ರೌಂಡ್," ಅಂದೆ. ಎರಡೇ ರೌಂಡಿನಲ್ಲಿ ಗೊತ್ತಾಗಿತ್ತು.