ಅಜ್ಜನ ಟ್ರಂಕಿನ ಡಿಕ್ಲರೇಶನ್

ಮೊನ್ನೆ ಉಡುಪಿಯ ಮನೆಯ ಅಟ್ಟ ಗುಡಿಸುವಾಗ ಅಜ್ಜನ ಟ್ರಂಕಿನಲ್ಲಿ ಗೆದ್ದಲು ತಿಂದುಳಿದ ಕಾಗದವೊಂದು ಸಿಕ್ಕಿತು. ಮೂಲೆಯಲ್ಲಿ ಅಜ್ಜನ ಹೆಬ್ಬೆಟ್ಟು. ಉಳುತ್ತಿದ್ದ ಗದ್ದೆ ತನ್ನ ಹೆಸರಿಗಾಗಲಿ ಅಂತ ಭೂನ್ಯಾಯಮಂಡಳಿಗೆ ಕೊಟ್ಟ ಡಿಕ್ಲರೇಶನ್, ಅಂದರೆ ಅರ್ಜಿ, ಅದು.

ಅದಕ್ಕೂ ಮೊದಲು ನಾವು ಚಾಲಗೇಣಿ ಒಕ್ಕಲು, ಅಂದರೆ ಧಣಿಗಳು ಬೇಕೆಂದಾಗ ಬಿಡಿಸಬಹುದಾದ ಗೇಣಿದಾರರು. ಗದ್ದೆ ಉತ್ತು, ಬೆಳೆದು, ಅಕ್ಕಿಯನ್ನು ಹುಲ್ಲಿನಲ್ಲಿ ಸುತ್ತಿ ಮುಡಿ ಕಟ್ಟಿ ಧಣಿಗಳ ಮನೆಗೆ ಹೊತ್ತು ಹಾಕಿ, ಅಂಗಳದಲ್ಲೇ ನಿಂತು ವಾಪಸ್ ಬರುವುದು. ಸಂವಿಧಾನ 1950ರಲ್ಲೇ ಬಂದಿತ್ತು, ಓಟೂ ಇತ್ತು. ಆದರೆ ಯಾವಾಗ ಒಕ್ಕಲೆಬ್ಬಿಸುತ್ತಾರೋ ಅಂತ ಹೆದರಿಕೊಂಡು ಹಾಕುವ ಓಟು ಅದೆಂಥದ್ದು, ಅಲ್ವಾ?

ದೇವರಾಜ ಅರಸು ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಯಾಯಿತು; ಗೇಣಿಗೆ ಉಳುವವನೇ ಗದ್ದೆಯ ಒಡೆಯನಾಗುವ ದಾರಿ ತೆರೆಯಿತು. (ಇದ್ದೊಂದು ಗದ್ದೆ ಕಳೆದುಕೊಂಡ ಸಣ್ಣ ಧಣಿಗಳೂ ಇದ್ದರು, ಅದೂ ನಿಜ.) ನನ್ನ ಪ್ರಕಾರ ಅಜ್ಜ ಈ ದೇಶದ ಪ್ರಜೆಯಾದದ್ದು ಆರ್‌ಟಿಸಿಯಲ್ಲಿ, ಅಂದರೆ ಜಮೀನಿನ ಪಹಣಿಯಲ್ಲಿ, ಹೆಸರು ಬಂದ ಮೇಲೆಯೇ. ಆ ವರ್ಷ ಮುಡಿಗಳು ನಮ್ಮ ಚಾವಡಿಯಲ್ಲೇ ಉಳಿದವಂತೆ. ಅಜ್ಜ ರಾತ್ರಿ ಎದ್ದೆದ್ದು ಮುಟ್ಟಿ ನೋಡುತ್ತಿದ್ದರಂತೆ.