ರಾತ್ರಿ ಎರಡು ಗಂಟೆ, ಪಂಪ್‌ಸೆಟ್, ಆಚೆ ವೃಶ್ಚಿಕ

ಮಾರ್ಚ್ ಬಂತು ಅಂದ್ರೆ ನಮ್ಮ ಕಡೆ ನಿದ್ದೆ ಕಡಿಮೆ. ಹೂ ಬಿಡಿಸುವ ಹೂಮಳೆ ಬರಲಿಲ್ಲವೆಂದರೆ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು, ಅದೂ ಕೆರೆಯಲ್ಲಿ ನೀರು ಇರುವಷ್ಟರಲ್ಲೇ. ಗೋಣಿಕೊಪ್ಪದ ಹತ್ತಿರ ಇರುವ ನಮ್ಮ ತೋಟದಲ್ಲಿ ಮೊನ್ನೆ ರಾತ್ರಿ ಎರಡು ಗಂಟೆಗೆ ಪೈಪ್ ಬದಲಾಯಿಸುವ ಸರದಿ ನನ್ನದಾಗಿತ್ತು. ಕೆರೆ ಏರಿ ಮೇಲೆ ಡೀಸೆಲ್ ಇಂಜಿನ್ ಡಗಡಗ ಅನ್ನುತ್ತಿತ್ತು. ಒಂದು ಜೆಟ್ ಬಂದ್ ಮಾಡಿದರೆ ಅದರ ಸದ್ದು ಸ್ವಲ್ಪ ಹಗುರಾಗುತ್ತದೆ, ಎಲ್ಲೋ ಪೈಪ್ ಬಿಚ್ಚಿಕೊಂಡರೆ ನರಳುತ್ತದೆ. ಕತ್ತಲಲ್ಲಿ ಪೈಪ್ ಕಾಣುವುದಿಲ್ಲ, ಆನೆ ಭಯಕ್ಕೆ ಹೋಗಿ ನೋಡುವ ಧೈರ್ಯವೂ ಇಲ್ಲ. ಕಿವಿಯೇ ಗತಿ.

ಆಗ್ನೇಯಕ್ಕೆ ಸಿಲ್ವರ್ ಮರಗಳ ಮೇಲೆ ವೃಶ್ಚಿಕ ಹತ್ತಿತ್ತು, ಕೆಂಪಗೆ ಜ್ಯೇಷ್ಠಾ. ಅದರಿಂದ ಸ್ವಲ್ಪ ಉತ್ತರಕ್ಕೆ ಬರಿಗಣ್ಣಿಗೆ ಏನೂ ಕಾಣದ ಒಂದು ಜಾಗ ಇದೆ. ಸ್ಕಾರ್ಪಿಯಸ್ ಎಕ್ಸ್-1 ಇರುವುದು ಅಲ್ಲೇ. ಎಕ್ಸ್-ರೇ ಗಾಳಿ ದಾಟಿ ಕೆಳಗೆ ಬರುವುದಿಲ್ಲ, ಹಾಗಾಗಿ 1962ರಲ್ಲಿ ರಾಕೆಟ್ ಹಾರಿಸಿದಾಗಲೇ ಅದು ಸಿಕ್ಕಿದ್ದು. ಸೌರಮಂಡಲದ ಆಚೆ ಸಿಕ್ಕ ಮೊದಲ ಎಕ್ಸ್-ರೇ ಮೂಲ.

ಅಲ್ಲಿರುವುದು ಎರಡು ನಕ್ಷತ್ರ. ಸುಮಾರು 19 ಗಂಟೆಗೆ ಒಂದು ಸುತ್ತು. ಒಂದು ಮಾಮೂಲಿ ನಕ್ಷತ್ರ, ಇನ್ನೊಂದು ನ್ಯೂಟ್ರಾನ್ ನಕ್ಷತ್ರ, ಅಂದರೆ ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿದ ಗಟ್ಟಿ ತಿರುಳು. ಇಂಥ ನ್ಯೂಟ್ರಾನ್ ನಕ್ಷತ್ರದಲ್ಲಿ ಸೂರ್ಯನಿಗಿಂತ ಜಾಸ್ತಿ ಸರಕು ಇರುತ್ತದೆ, ಅಗಲ ಮಾತ್ರ ವಿರಾಜಪೇಟೆಯಿಂದ ಮಡಿಕೇರಿಗೆ ಹೋಗುವಷ್ಟೂ ಇರುವುದಿಲ್ಲ. ಅದು ಜೊತೆಗಾರನ ಅನಿಲವನ್ನು ಎಳೆದುಕೊಳ್ಳುತ್ತದೆ. ಅನಿಲ ನೇರ ಬೀಳುವುದಿಲ್ಲ, ಸುತ್ತುತ್ತಾ ತಟ್ಟೆಯಾಗಿ ಒಳಕ್ಕೆ ಸರಿಯುತ್ತದೆ, ಹತ್ತಿರ ಬಂದಷ್ಟೂ ಬಿಸಿ, ಹತ್ತಿರ ಬಂದಷ್ಟೂ ವೇಗ. ಕೇಂದ್ರದಿಂದ 15 ಕಿ.ಮೀ. ದೂರದಲ್ಲಿ ಸೆಕೆಂಡಿಗೆ ಸಾವಿರ ಸುತ್ತಿಗೂ ಮೀರುತ್ತದೆ. ಸೆಕೆಂಡಿಗೆ!

1995ರ ಡಿಸೆಂಬರ್ 30ರಂದು ನಾಸಾ ಹಾರಿಸಿದ, ಎಕ್ಸ್-ರೇ ನೋಡುವ ರಾಸ್ಸಿ ಉಪಗ್ರಹ ಮರುವರ್ಷವೇ ಇದರ ಗುರುತು ಹಿಡಿಯಿತು. ಸ್ಕಾರ್ಪಿಯಸ್ ಎಕ್ಸ್-1ರಲ್ಲಿ, ಮತ್ತೆ 4ಯು 1728-34 ಎಂಬ ಇನ್ನೊಂದು ಜೋಡಿಯಲ್ಲಿ, ಎಕ್ಸ್-ರೇ ಬೆಳಕು ಸೆಕೆಂಡಿಗೆ ನೂರಾರು ಸಲ, ಕೆಲವೊಮ್ಮೆ ಸಾವಿರದ ಹತ್ತಿರ, ನಡುಗುತ್ತಿತ್ತು. ಸದ್ದಾಗಿದ್ದರೆ ಸಣ್ಣ ಸೀಟಿಯ ಹಾಗೆ ಕೇಳುತ್ತಿತ್ತು. ಆದರೆ ಗಡಿಯಾರದ ಹಾಗೆ ನೆಟ್ಟಗಿನ ಸ್ವರವಲ್ಲ. ಅಲುಗುತ್ತದೆ, ಏರುತ್ತದೆ, ಇಳಿಯುತ್ತದೆ, ನಮ್ಮ ಇಂಜಿನ್ನಿನ ಹಾಗೆಯೇ. ಬೀಳುವ ಅನಿಲದ ಪ್ರಮಾಣ ಬದಲಾದರೆ ಸ್ವರವೂ ಸರಿಯುತ್ತದೆ ಅಂತ ಅಂದಾಜು.

ಜಾಸ್ತಿ ಸಲ ಸ್ವರ ಎರಡು, ನಡುವಿನ ಅಂತರ ಸೆಕೆಂಡಿಗೆ ಸುಮಾರು 300 ನಡುಕ. ಆಗ ಎಲ್ಲರೂ ಖುಷಿಯಾದರು, ಈ ಅಂತರವೇ ನಕ್ಷತ್ರ ತನ್ನ ಸುತ್ತ ತಿರುಗುವ ವೇಗ ಇರಬಹುದು ಅಂತ. ಚೆಂದದ ವಿವರಣೆ, ಅಲ್ವಾ? ಆದರೆ ಸ್ಕಾರ್ಪಿಯಸ್ ಎಕ್ಸ್-1ರಲ್ಲಿ ಅಂತರವೇ ಬದಲಾಗುತ್ತಿತ್ತು. ಆಮೇಲೆ, ಸೆಕೆಂಡಿಗೆ 401 ಸಲ ತಿರುಗುವುದು ಖಚಿತವಾಗಿ ಗೊತ್ತಿದ್ದ ಸ್ಯಾಕ್ಸ್ ಜೆ1808 ಎಂಬ ಇನ್ನೊಂದು ನ್ಯೂಟ್ರಾನ್ ನಕ್ಷತ್ರದಲ್ಲಿ ಅಂತರ ಸಿಕ್ಕಿದ್ದು ಸುಮಾರು 195, ಹೆಚ್ಚುಕಡಿಮೆ ಅರ್ಧ! ಇಡೀ ಲೆಕ್ಕ ತಲೆಕೆಳಗಾಯಿತು. ಎರಡು ಸ್ವರ ಯಾಕೆ ಅನ್ನುವುದಕ್ಕೆ ಇವತ್ತಿಗೂ ಎಲ್ಲರೂ ಒಪ್ಪಿದ ಉತ್ತರ ಇಲ್ಲ. ನನಗೆ ಈ ಜಗಳವೇ ಇಷ್ಟ, ಉತ್ತರ ಸಿಕ್ಕಿದ್ದರೆ ರಾತ್ರಿ ಎರಡು ಗಂಟೆಗೆ ಇದನ್ನು ಯೋಚಿಸುತ್ತಿರಲಿಲ್ಲ.

ನಮ್ಮ ಇಸ್ರೋದ ಆಸ್ಟ್ರೋಸ್ಯಾಟ್ ಎಂಬ ಖಗೋಳ ಉಪಗ್ರಹ ಕೂಡ ಈ ಕೆಲಸಕ್ಕೆ ಇಳಿದಿದೆ, 2015ರ ಸೆಪ್ಟೆಂಬರ್‌ನಲ್ಲಿ ಶ್ರೀಹರಿಕೋಟಾದಿಂದ ಹೋಗಿದ್ದು. ಅದರಲ್ಲಿರುವ ಲ್ಯಾಕ್ಸ್‌ಪಿಸಿ ಎಂಬ ಉಪಕರಣ ಮುಂಬೈಯ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನದು, ಒಂದೊಂದು ಫೋಟಾನ್ (ಬೆಳಕಿನ ಕಣ) ಬಂದ ಹೊತ್ತನ್ನು ಸೆಕೆಂಡಿನ ಲಕ್ಷದ ಒಂದು ಭಾಗದಷ್ಟು ಸೂಕ್ಷ್ಮವಾಗಿ ಬರೆದಿಡುತ್ತದೆ. ಅದೇ 4ಯು 1728-34ರ ನಡುಕವನ್ನು ಅದೂ ಹಿಡಿದಿದೆ. ಮಾಹಿತಿ ಬಂದಿಳಿಯುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನ ಇಸ್ರೋ ಕೇಂದ್ರಕ್ಕೆ, ಸ್ವಲ್ಪ ಕಾಲದ ನಂತರ ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ನಾನೂ ಒಂದು ಫೈಲ್ ಹಾಕಿಟ್ಟು ತೋಟಕ್ಕೆ ಹೋಗಿದ್ದೆ. ಬೆಳಿಗ್ಗೆ ಬಂದು ನೋಡಿದರೆ ಕರೆಂಟ್ ಹೋಗಿ ಅರ್ಧಕ್ಕೇ ನಿಂತಿತ್ತು. ಇವತ್ತು ರಾತ್ರಿ ಮತ್ತೆ ಹಾಕುತ್ತೇನೆ, ಹೇಗೂ ಎಚ್ಚರ ಇರಲೇಬೇಕು.