ಕತಲ್ ರಾತ್ರಿಯಲ್ಲಿ ವರದಿಗಾರನ ಕಿವಿ

ಮೊಹರಂ ಒಂಬತ್ತನೆಯ ದಿನದ ರಾತ್ರಿ, ಅದೇ ಕತಲ್ ರಾತ್ರಿ. ಶಹಾಪುರ ತಾಲ್ಲೂಕಿನ ಊರೊಂದರ ಅಲಾಯಿ ಕುಣಿಯ (ಮೊಹರಂನಲ್ಲಿ ಬೆಂಕಿ ಹಾಕುವ ಗುಂಡಿ) ಸುತ್ತ ಹಾಡು ರಂಗೇರುವುದು ಹನ್ನೆರಡು ಗಂಟೆ ದಾಟಿದ ಮೇಲೆ. ಅಷ್ಟೊತ್ತಿಗೆ ಜಿಲ್ಲಾ ಪುಟ ಅಚ್ಚಿಗೆ ಹೋಗಿರುತ್ತದೆ. ಹೀಗಾಗಿ ಸಂಜೆಯೇ ಬರೆದಿಟ್ಟ ನಾಲ್ಕು ಸಾಲು, ‘ಭಾವೈಕ್ಯದ ಹಬ್ಬ’ ಎಂಬ ತಲೆಬರಹ, ಹಸ್ತದ ಆಕಾರದ ಪಂಜಾಗಳದೊಂದು ಫೋಟೊ, ಇಷ್ಟರಲ್ಲೇ ಸುದ್ದಿ ಮುಗಿಯುತ್ತದೆ. ಯಾರು ಹಾಡಿದರು, ಪದ ಯಾರದು, ಹಲಗಿ (ಚರ್ಮದ ತಮಟೆ) ಯಾರದು, ಒಂದೂ ಇರುವುದಿಲ್ಲ. ಅದೇ ವಾರ ಕಲಬುರಗಿಯಲ್ಲಿ ಶಾಸ್ತ್ರೀಯ ಸಂಗೀತದ ಬೈಠಕ್ ನಡೆದರೆ ರಾಗದ ಹೆಸರು, ವಿಲಂಬಿತ, ದ್ರುತ, ತಬಲಾ ಸಾಥ್, ಹಾರ್ಮೋನಿಯಂ ಸಾಥ್ ಎಲ್ಲವೂ ಅಚ್ಚಾಗುತ್ತವೆ. ಭಾವೈಕ್ಯ ಇದೆ, ನಿಜ. ಆದರೆ ಅದನ್ನಷ್ಟೇ ಬರೆದರೆ ಹಾಡುಗಾರ ಕಲಾವಿದನಾಗಿ ಓದುಗನಿಗೆ ಸಿಗುವುದೇ ಇಲ್ಲ. ನಾನು ಆ ರಾತ್ರಿಗೆ ಹೋದದ್ದು ದಿನದ ಸುದ್ದಿಗಲ್ಲ, ಭಾನುವಾರದ ಪುರವಣಿಗೆ. ಗಡುವು ಬದಲಾಯಿಸಿಕೊಳ್ಳದೆ ಈ ಕೆಲಸ ಆಗುವುದಿಲ್ಲ.

ಇಸ್ಲಾಮಿನ ಹಿಜರಿ ವರ್ಷ ಇಂಗ್ಲಿಷ್ ಕ್ಯಾಲೆಂಡರಿಗಿಂತ ಸುಮಾರು 11 ದಿನ ಚಿಕ್ಕದು. ಅದರಿಂದ ಮೊಹರಂ ವರ್ಷವರ್ಷ ಹಿಂದಕ್ಕೆ ಸರಿಯುತ್ತದೆ. 2023ರಿಂದ 2025ರವರೆಗೆ ಅದು ಜುಲೈನಲ್ಲೇ ಬಂತು, ತೊಗರಿ ಬಿತ್ತನೆಯ ಹಸಿ ಹವೆಯಲ್ಲಿ. ಹಲಗಿಗೆ ಅದು ಕಷ್ಟದ ಕಾಲ. ತೇವ ಹೀರಿದ ಚರ್ಮ ಸಡಿಲಾಗಿ ಪೆಟ್ಟು ಮಂಕಾಗುತ್ತದೆ, ಮತ್ತೆ ಮತ್ತೆ ಉರಿಗೆ ಹಿಡಿದು ಕಾಸಬೇಕಾಗುತ್ತದೆ. ಕಾಸಿದ್ದು ಕಡಿಮೆಯಾದರೆ ನಾದ ಏಳುವುದಿಲ್ಲ, ಹೆಚ್ಚಾದರೆ ಚರ್ಮ ಸೀಳುತ್ತದೆ. ಬಾರಿಸುವವರು ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿದು ನೋಡಿಯೇ ಕುಣಿಯ ಕಡೆ ಹೆಜ್ಜೆ ಹಾಕುತ್ತಾರೆ. ತಂಬೂರಿ ಶ್ರುತಿ ಮಾಡುವುದನ್ನು ಬರೆಯುವ ನಾವು ಇದನ್ನೂ ಬರೆಯಬೇಕು. ಇದೂ ಶ್ರುತಿಯೇ.

“ಹಲಗಿ ಕಾಸ್ಕೊಂಡ್ ಬರ್ತೀವ್ರಿ ಸರ, ಆಮ್ಯಾಲ ಕೇಳ್ರಿ” ಅಂದರು ಹಿರಿಯರೊಬ್ಬರು. “ಹೆಸರ ಏನಂತ ಬರೀಲಿ ಕಾಕಾ?” ಅಂದಾಗ, “ನಂದೊಬ್ಬಂದೇ ಬರೀಬ್ಯಾಡ್ರಿ. ಜೋಡಿ ಬಡಿಯೋ ನಮ್ಮ ಅಳಿಯಂದೂ ಹಾಕ್ರಿ. ಅಂವ ಇಲ್ಲಂದ್ರ ಹೆಜ್ಜಿ ಕೂಡಂಗಿಲ್ಲ” ಅಂದರು. ಅವರು ಹೇಳಿದ್ದು ಅಕ್ಷರಶಃ ಸರಿ. ಒಬ್ಬರ ಹಲಗಿ ನಡೆ ಹಿಡಿದರೆ ಇನ್ನೊಬ್ಬರದು ಅದರ ನಡುವೆ ಪೆಟ್ಟು ತುಂಬುತ್ತದೆ. ಕುಣಿಯುವವರ ಕಾಲು ನಂಬುವುದು ಎರಡನೆಯದನ್ನು.

ಹಲಗಿಯ ವಿಷಯಕ್ಕೆ ಬಂದರೆ ಇನ್ನೊಂದನ್ನೂ ಕೇಳಲೇಬೇಕು. ಈ ಕೆಲಸ ಬಹಳ ಊರುಗಳಲ್ಲಿ ಜಾತಿಯ ಹೊರೆಯಾಗಿ ಬಂದದ್ದು. ಕೂಲಿ ಎಷ್ಟು, ಯಾರು ಕೊಡುತ್ತಾರೆ, ಊಟಕ್ಕೆ ಎಲ್ಲಿ ಕೂರಿಸುತ್ತಾರೆ, ಮಕ್ಕಳು ಕಲಿಯಲೆಂದು ಅವರು ಬಯಸುತ್ತಾರೆಯೇ? ಹಲಗಿ ಬಿಟ್ಟವರ ಕಾರಣಕ್ಕೂ ಬರಹದಲ್ಲಿ ಜಾಗ ಬೇಕು. ‘ಪರಂಪರೆ ನಶಿಸುತ್ತಿದೆ’ ಎಂದು ಅತ್ತು ಮುಗಿಸುವುದು ಅವರಿಗೆ ಮಾಡುವ ಅನ್ಯಾಯ.

ಧ್ವನಿ ಹಿಡಿಯುವಾಗ ಮೊಬೈಲನ್ನು ಅದರ ಪಾಡಿಗೆ ಬಿಟ್ಟರೆ ಕೆಡುತ್ತದೆ. ಅದು ತಾನಾಗಿ ಮಟ್ಟ ಏರಿಳಿಸುತ್ತದೆ. ಹಲಗಿಯ ಪ್ರತಿ ಪೆಟ್ಟಿಗೂ ಹಾಡುಗಾರನ ದನಿ ಅಡಗಿ ಮತ್ತೆ ಮೇಲೇಳುತ್ತದೆ, ಕರ್ಬಲಾ ಯುದ್ಧದ ಕಥೆ ಹೇಳುವ ರಿವಾಯತ್ ಪದದ ಮಾತುಗಳೇ ಕೇಳುವುದಿಲ್ಲ. ಸಣ್ಣ ರೆಕಾರ್ಡರ್ ಇದ್ದರೆ ಮಟ್ಟವನ್ನು ಕೈಯಿಂದಲೇ ಇಟ್ಟು, ಅತಿ ಜೋರಾದ ಪೆಟ್ಟು ಮೈನಸ್ 12 ಡೆಸಿಬಲ್ ಮುಟ್ಟುವಂತೆ ನೋಡಿಕೊಳ್ಳಬೇಕು. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊ ವೇವ್ ಫೈಲಾದರೆ ಗಂಟೆಗೆ ಸುಮಾರು 1 ಜಿಬಿ ಬೇಕು. ಮುಂದಾಗಿ ಹಾಡುವ ಮುಮ್ಮೇಳದವನಿಂದ ಒಂದೂವರೆ–ಎರಡು ಮೀಟರ್ ದೂರ, ಹಲಗಿಗೆ ಬೆನ್ನು, ಮೈಕಿಗೆ ಗಾಳಿ ತಡೆಯುವ ಸ್ಪಂಜು. ಮೇಳ ಸುತ್ತುತ್ತದಾದ್ದರಿಂದ ಜತೆಗೆ ಹೆಜ್ಜೆ ಹಾಕಬೇಕು, ಅವರ ದಾರಿಗೆ ಅಡ್ಡ ಬರಬಾರದು. ಶುರುವಾಗುವ ಮೊದಲು ತಾರೀಖು, ಊರು, ಮೇಳದ ಹೆಸರು ನಮ್ಮ ದನಿಯಲ್ಲೇ ಹೇಳಿಟ್ಟರೆ ಆಮೇಲೆ ಫೈಲುಗಳು ಕಲಸಿಹೋಗುವುದಿಲ್ಲ. ಪೀರ (ಪಂಜಾ) ಕೂರಿಸಿದ ಕಡೆ ಫ್ಲ್ಯಾಶ್ ಹಾಕುವ ಮುಂಚೆ ಅದನ್ನು ನೋಡಿಕೊಳ್ಳುವ ಮುಜಾವರರನ್ನು ಕೇಳಬೇಕು.

ಬರೆದುಕೊಂಡ ಪದವನ್ನು ಮರುದಿನ ಹಾಡಿದವರ ಮುಂದೆಯೇ ಓದಿ ತಿದ್ದಿಸಬೇಕು. ಕರ್ಬಲಾದ ಕಥೆ ಕನ್ನಡದಲ್ಲಿ ಸಾಗುವಾಗ ದಖನಿ ಉರ್ದು ಮಾತು ನಡುನಡುವೆ ಬರುತ್ತದೆ, ಕಿವಿಗೆ ತಪ್ಪಾಗಿ ಬೀಳುತ್ತದೆ. ಕೊನೆಯ ನುಡಿಯಲ್ಲಿ ಕಟ್ಟಿದವರ ಹೆಸರೋ ಊರೋ ಇದ್ದರೆ ಅದನ್ನು ಬಿಡಲೇಬಾರದು. ಅದನ್ನು ಬಿಟ್ಟು ‘ಅಜ್ಞಾತ ಜನಪದ ಕವಿ’ ಎಂದರೆ ಕವಿಯ ಹೆಸರನ್ನು ನಾವೇ ಅಳಿಸಿದಂತೆ. ಡೆಸ್ಕಿನಲ್ಲಿ ಇನ್ನೊಂದು ಅಪಾಯವಿದೆ. ‘ಹೋಗ್ಯಾನ’ ಎಂಬುದನ್ನು ‘ಹೋಗಿದ್ದಾನೆ’ ಎಂದು ತಿದ್ದಿದ ಕೂಡಲೇ ಪ್ರಾಸವೂ ನಡೆಯೂ ಮುರಿಯುತ್ತವೆ. ಪ್ರತಿಯ ಮೇಲೆ ‘ಪದದ ಭಾಷೆ ತಿದ್ದಬಾರದು’ ಎಂದು ದಪ್ಪಗೆ ಬರೆದೇ ಕಳಿಸುವುದು ಒಳ್ಳೆಯದು.

ಈ ನಾಡಿನ ಹಾಡು ಒಂದು ಕೇರಿಗೆ ನಿಂತದ್ದಲ್ಲ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಚೆನ್ನೂರ ಜಲಾಲ ಸಾಹೇಬರೂ ಇದ್ದರು, ತತ್ವಪದ ಕಟ್ಟಿದರು. ಬೀದರಿನ ಗುರುನಾನಕ್ ಝೀರಾದಲ್ಲಿ ಸಿಖ್ಖರ ಶಬದ್ ಕೀರ್ತನೆ, ಔರಾದ ಕಡೆ ಮರಾಠಿ ಅಭಂಗ, ಲಂಬಾಣಿ ತಾಂಡಾಗಳಲ್ಲಿ ಗೋರಬೋಲಿಯ ಹೆಂಗಸರ ಹಾಡು, ಕಲಬುರಗಿಯ ಖ್ವಾಜಾ ಬಂದೇನವಾಜ್ ಉರುಸಿನಲ್ಲಿ ಕವ್ವಾಲಿ. ಸಂಸ್ಕೃತಿ ಪುಟ ನೋಡುವವರು ಒಂದು ದಪ್ಪ ನೋಟ್‌ಬುಕ್ ಇಟ್ಟು, ಪ್ರತಿ ವಾರ ಐದು ಕಾಲಂ ತುಂಬಬೇಕು: ಭಾಷೆ, ತಾಲ್ಲೂಕು, ಹಾಡಿದವರು, ವಾದ್ಯದವರು, ಹೆಂಗಸರ ಹೆಸರು. ಆರು ತಿಂಗಳಾದ ಮೇಲೆ ಯಾವ ಕಾಲಂ ಖಾಲಿ ಇದೆಯೋ ಮುಂದಿನ ಪ್ರಯಾಣ ಅತ್ತ. ಕೊನೆಯ ಕಾಲಂ ತುಂಬಲು ರಾತ್ರಿ ಹೋದರೆ ಪ್ರಯೋಜನ ಕಡಿಮೆ. ಹೊಲದ ಕೆಲಸ ಮುಗಿದ ಮಧ್ಯಾಹ್ನ, ಅವರ ಮನೆಯಂಗಳದಲ್ಲಿ, ನಮ್ಮ ಹೆಣ್ಣು ಸಹೋದ್ಯೋಗಿಯ ಜತೆ ಕೂತರೆ ಹಾಡು ತಾನಾಗಿ ಬರುತ್ತದೆ.

ಪುರವಣಿ ಬಂದ ವಾರದಲ್ಲೇ ಎರಡು ಪ್ರತಿ ಮೇಳದವರಿಗೆ ಮುಟ್ಟಿಸಬೇಕು, ಧ್ವನಿಮುದ್ರಣವನ್ನು ಪೆನ್‌ಡ್ರೈವಿಗೆ ಹಾಕಿ ಹಲಗಿಯವರಿಗೂ ಕೊಡಬೇಕು. ಅದನ್ನು ಬೇರೆಡೆ ಹಾಕುವುದಾದರೆ ಮತ್ತೊಮ್ಮೆ ಒಪ್ಪಿಗೆ ಕೇಳಬೇಕು, ಏಕೆಂದರೆ ಅವರು ಮೊದಲು ಒಪ್ಪಿದ್ದು ಪತ್ರಿಕೆಗಷ್ಟೇ.